ಟ್ಯಾಂಕ್ ತುಂಬಿಸಿ ಕಳಿಸಿದರೆ ಸಾಲದೇ? ದೂರ ಹಾರುವ ವಿಮಾನದ ಲೆಕ್ಕ

ಪ್ರಶ್ನೆ: ನಾನು ದಾವಣಗೆರೆಯವನು, ಮೂವತ್ತು ವರ್ಷಗಳಿಂದ ಲಾರಿ ಇಟ್ಟುಕೊಂಡಿದ್ದೇನೆ. ಮಗಳು ಅಮೆರಿಕದಲ್ಲಿ ಓದುತ್ತಿದ್ದಾಳೆ. ಕಳೆದ ಬೇಸಿಗೆಯಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದಾಗ ಎಲ್ಲರೂ ಹತ್ತಿ ಕುಳಿತ ಮೇಲೆ ‘ಕಾಗದಪತ್ರ ಆಗಬೇಕು’ ಎಂದು ನಲವತ್ತು ನಿಮಿಷ ನಿಲ್ಲಿಸಿದರು. ಸೂಟ್‌ಕೇಸ್ ಎರಡು ದಿನ ತಡವಾಗಿ ಬಂತು. ಇಂಧನ ಹೆಚ್ಚು ಹಾಕಬೇಕಾಯಿತು, ಸಾಮಾನು ಇಳಿಸಿದೆವು ಎಂದು ಹೇಳಿದರಂತೆ. ಮೊಬೈಲ್‌ನಲ್ಲಿ ನೋಡಿದರೆ ವಿಮಾನ ಒಂದು ಸಲ ಜಪಾನಿನ ಕಡೆಯಿಂದ ಹೋಗುತ್ತದೆ, ಇನ್ನೊಂದು ಸಲ ಉತ್ತರದ ಹಿಮದ ಮೇಲೆ ಬರುತ್ತದೆ. ನಾವು ಲಾರಿಗೆ ಟ್ಯಾಂಕ್ ತುಂಬಿಸಿ ಕಳಿಸುತ್ತೇವೆ, ದಾರಿಯೂ ಒಂದೇ. ವಿಮಾನಕ್ಕೆ ಇದನ್ನೆಲ್ಲ ಯಾರು, ಹೇಗೆ ತೀರ್ಮಾನಿಸುತ್ತಾರೆ? ಸಮುದ್ರದ ನಡುವೆ ಎಂಜಿನ್ ಕೆಟ್ಟರೆ ಗತಿಯೇನು? ಡಿಸೆಂಬರ್‌ನಲ್ಲಿ ಮಗಳು ಊರಿಗೆ ಬರುತ್ತಿದ್ದಾಳೆ.

ಉತ್ತರ: ಯಜಮಾನರೇ, ನೀವು ಕೇಳಿದ ಅಷ್ಟೂ ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ನನ್ನ ಇಪ್ಪತ್ತಾರು ವರ್ಷಗಳ ಕೆಲಸವಾಗಿತ್ತು. ನಿವೃತ್ತಿಯಾಗಿ ಚಿತ್ರದುರ್ಗಕ್ಕೆ ಬಂದು ನೆಲೆಸುವ ಮೊದಲು ನಾನು ಫ್ಲೈಟ್ ಡಿಸ್ಪ್ಯಾಚರ್ ಆಗಿದ್ದೆ. ವಿಮಾನ ನಡೆಸುವವರು ಪೈಲಟ್‌ಗಳು. ಆ ಹಾರಾಟದ ದಾರಿ, ಇಂಧನ, ಹವಾಮಾನ, ದಾರಿಯಲ್ಲಿ ಇಳಿಯಬಹುದಾದ ನಿಲ್ದಾಣಗಳು, ಎಲ್ಲವನ್ನೂ ನೆಲದ ಮೇಲೆ ಕುಳಿತು ಲೆಕ್ಕ ಹಾಕಿ ಅವರ ಕೈಗೆ ಕೊಡುವವರು ನಾವು. ಅಮೆರಿಕದ ನಿಯಮದಲ್ಲಿ ಡಿಸ್ಪ್ಯಾಚರ್ ಮತ್ತು ಕ್ಯಾಪ್ಟನ್ ಇಬ್ಬರೂ ಸಮಾನ ಹೊಣೆಗಾರರು. ಲಾರಿ ಆಫೀಸಿನಲ್ಲಿ ಲೋಡು ನೋಡಿ, ದಾರಿ ಹೇಳಿ, ಟ್ರಿಪ್ ಶೀಟ್ ಬರೆದು ಕೊಡುವ ನಿಮ್ಮ ಗುಮಾಸ್ತರನ್ನು ನೆನಪಿಸಿಕೊಳ್ಳಿ. ಕೆಲಸದ ಬಗೆ ಅದೇ, ತೂಕ ಮಾತ್ರ ಬೇರೆ.

ಮೊದಲು ಟ್ಯಾಂಕಿನ ವಿಷಯ. ಈ ಮಾರ್ಗದಲ್ಲಿ ಹಾರಿರುವ ಬೋಯಿಂಗ್ 777-200ಎಲ್‌ಆರ್ ವಿಮಾನದ ಟ್ಯಾಂಕುಗಳಲ್ಲಿ 1,81,283 ಲೀಟರ್ ಇಂಧನ ಹಿಡಿಯುತ್ತದೆ. ತೂಕದಲ್ಲಿ ಹೇಳಿದರೆ ಸುಮಾರು 145 ಟನ್. ಎಲ್ಲ ಸೇರಿ ಆ ವಿಮಾನ ನೆಲ ಬಿಡಬಹುದಾದ ಗರಿಷ್ಠ ತೂಕ 347 ಟನ್. ಅಂದರೆ ತುಂಬಿದ ವಿಮಾನದ ತೂಕದಲ್ಲಿ ಹತ್ತಿರಹತ್ತಿರ ಐದರಲ್ಲಿ ಎರಡು ಪಾಲು ಬರೀ ಇಂಧನವೇ. ನಿಮ್ಮ ಹದಿನಾರು ಟನ್ನಿನ ಲಾರಿಯಲ್ಲಿ ಆರು ಟನ್ ಡೀಸೆಲ್ಲೇ ಇದ್ದರೆ ಅಕ್ಕಿಗೆ ಎಷ್ಟು ಜಾಗ ಉಳಿದೀತು, ಯೋಚಿಸಿ. ಇಷ್ಟಕ್ಕೇ ಮುಗಿಯಲಿಲ್ಲ. ಇಂಧನವನ್ನು ಹೊರುವುದಕ್ಕೂ ಇಂಧನ ಬೇಕು. ನಾವು ಇಟ್ಟುಕೊಳ್ಳುವ ಅಂದಾಜೆಂದರೆ, ಹೆಚ್ಚುವರಿಯಾಗಿ ಹೊತ್ತ ತೂಕದಲ್ಲಿ ಗಂಟೆಗೆ ಶೇ 3ರಿಂದ 4ರಷ್ಟು ಅದನ್ನು ಹೊರುವುದಕ್ಕೇ ಸುಟ್ಟುಹೋಗುತ್ತದೆ. ಹದಿನೈದು ಗಂಟೆಯ ಹಾರಾಟಕ್ಕೆ ‘ಇರಲಿ’ ಎಂದು ಒಂದು ಟನ್ ಹೆಚ್ಚು ಹಾಕಿಸಿದರೆ, ಆ ಊರು ಮುಟ್ಟುವ ಹೊತ್ತಿಗೆ ಅದರಲ್ಲಿ ಸುಮಾರು ಆರುನೂರು ಕೆಜಿ ಮಾತ್ರ ಉಳಿದಿರುತ್ತದೆ.

ಆದ್ದರಿಂದ ಇಂಧನವನ್ನು ಕಂತುಗಳಾಗಿ ಲೆಕ್ಕ ಹಾಕುತ್ತೇವೆ. ಉದಾಹರಣೆಗೆ ಒಂದು ದಿನ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಉರಿಯುವ ಇಂಧನ 118 ಟನ್ ಎಂದಿಟ್ಟುಕೊಳ್ಳಿ. ಇದು ಟ್ರಿಪ್ ಫ್ಯೂಯಲ್. ಗಾಳಿ ಅಂದಾಜು ತಪ್ಪಬಹುದು, ಬೇಕಾದ ಎತ್ತರ ಸಿಗದೇ ಹೋಗಬಹುದು. ಅದಕ್ಕೆ ಇದರ ಮೇಲೆ ಶೇ 5, ಅಂದರೆ 5.9 ಟನ್. ಅಲ್ಲಿ ಇಳಿಯಲಾಗದಿದ್ದರೆ ಪಕ್ಕದ ನಿಲ್ದಾಣಕ್ಕೆ ಹೋಗಲು, ನಾವು ಆಲ್ಟರ್ನೇಟ್ ಎನ್ನುತ್ತೇವೆ, ಒಂದು 4 ಟನ್. ಆ ನಿಲ್ದಾಣದ ಮೇಲೆ 1,500 ಅಡಿ ಎತ್ತರದಲ್ಲಿ ಮೂವತ್ತು ನಿಮಿಷ ಸುತ್ತಲು ಸುಮಾರು 3.3 ಟನ್. ರನ್‌ವೇವರೆಗೆ ಉರುಳಿಕೊಂಡು ಹೋಗಲು ಅರ್ಧ ಟನ್. ಕೂಡಿದರೆ 131.7 ಟನ್. ಇಷ್ಟರ ಮೇಲೆ ಕ್ಯಾಪ್ಟನ್ ತಮ್ಮ ವಿವೇಚನೆಯಿಂದ ಕೇಳುವ ಹೆಚ್ಚುವರಿ ಇಂಧನ ಬೇರೆ.

ಇದರಲ್ಲಿ ಆ ಮೂವತ್ತು ನಿಮಿಷದ ಕಂತು ಮುಟ್ಟಬಾರದ ಗಂಟು. ಅದನ್ನು ಬಳಸದೇ ನೆಲ ಮುಟ್ಟಬೇಕು. ಅದಕ್ಕೆ ಕೈಹಾಕಬೇಕಾಗುತ್ತದೆ ಎಂದು ಲೆಕ್ಕದಲ್ಲಿ ಕಂಡ ಕ್ಷಣವೇ ಪೈಲಟ್ ರೇಡಿಯೊದಲ್ಲಿ ‘ಮೇಡೇ, ಮೇಡೇ, ಮೇಡೇ, ಫ್ಯೂಯಲ್’ ಎಂದು ಸಾರುವುದು ನಿಯಮ. ಆಗ ಆಕಾಶದಲ್ಲಿ ಇರುವವರೆಲ್ಲ ದಾರಿ ಬಿಡುತ್ತಾರೆ.

ಸೂಟ್‌ಕೇಸ್ ಏಕೆ ಇಳಿಯಿತು ಎಂಬುದಕ್ಕೆ ಉತ್ತರವೂ ಇಲ್ಲೇ ಇದೆ. ಬೇಸಿಗೆಯ ದೆಹಲಿಯಲ್ಲಿ ಕಾದ ಗಾಳಿ ತೆಳುವಾಗಿರುತ್ತದೆ. ರೆಕ್ಕೆಗೆ ಎತ್ತುವ ಬಲ ಕಡಿಮೆ, ಎಂಜಿನ್ನಿಗೂ ದಮ್ಮು ಕಡಿಮೆ. ಆ ದಿನ, ಆ ರನ್‌ವೇಯಿಂದ, ಆ ಉಷ್ಣಾಂಶದಲ್ಲಿ ಏಳಬಹುದಾದ ತೂಕ 347 ಟನ್ನಿಗಿಂತ ಎಷ್ಟೋ ಕಡಿಮೆ ಬರಬಹುದು. ಅದೇ ದಿನ ದಾರಿಯ ಗಾಳಿಯೂ ಅನುಕೂಲವಿಲ್ಲದೆ ಇಂಧನ ಹೆಚ್ಚು ಬೇಕಾದರೆ, ಎರಡೂ ಕಡೆಯಿಂದ ಹಿಂಡಿದಂತಾಗುತ್ತದೆ. ಇಂಧನ ಇಳಿಸುವಂತಿಲ್ಲ, ಮನುಷ್ಯರನ್ನು ಇಳಿಸಬಾರದು. ಮೊದಲು ಸರಕು, ಆಮೇಲೆ ಸೂಟ್‌ಕೇಸ್. ಮಗಳಿಗೆ ತೊಂದರೆಯಾಯಿತು, ನಿಜ. ಆದರೆ ಆ ನಿರ್ಧಾರ ಮಾಡಿದವರು ಸರಿಯಾದುದನ್ನೇ ಮಾಡಿದ್ದಾರೆ.

ನಾನು ಎಲ್ಲವನ್ನೂ ಟನ್, ಕೆಜಿಯಲ್ಲಿ ಹೇಳುತ್ತಿರುವುದನ್ನು ನೀವು ಗಮನಿಸಿರಬಹುದು. ನಿಮಗೆ ಬಂಕಿನಲ್ಲಿ ಲೀಟರ್ ಲೆಕ್ಕ. ಇಂಧನ ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಲೀಟರ್ ಬದಲಾದರೂ ತೂಕ ಬದಲಾಗುವುದಿಲ್ಲ, ಎಂಜಿನ್ನಿಗೆ ಬೇಕಾದ ಶಕ್ತಿ ಇರುವುದು ತೂಕದಲ್ಲಿ. ಈ ಎರಡರ ನಡುವಿನ ಗುಣಾಕಾರ ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಕಸುಬಿಗೆ ಬರುವ ಪ್ರತಿಯೊಬ್ಬರಿಗೂ ಒಂದು ಪಾಠವಾಗಿ ಹೇಳುತ್ತಾರೆ. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನ ಮಾಂಟ್ರಿಯಲ್‌ನಿಂದ ಒಟ್ಟಾವ ಮೂಲಕ ಎಡ್ಮಂಟನ್‌ಗೆ ಹೊರಟಿತ್ತು. ಇಂಧನ ಮಾಪಕ ಕೆಟ್ಟಿತ್ತು, ಕಡ್ಡಿ ಇಳಿಸಿ ಅಳೆದರು. ಟ್ಯಾಂಕಿನಲ್ಲಿ 7,682 ಲೀಟರ್. ಬೇಕಾದದ್ದು 22,300 ಕೆಜಿ. ಕೆನಡಾ ಆಗಷ್ಟೇ ಮೆಟ್ರಿಕ್ ಪದ್ಧತಿಗೆ ಬದಲಾಗುತ್ತಿತ್ತು, ಆ ವಿಮಾನವೂ ಹೊಸದು. ಲೀಟರ್‌ಗೆ 0.803 ಕೆಜಿ ಎಂದು ಗುಣಿಸಬೇಕಾದಲ್ಲಿ, ಹಳೆಯ ರೂಢಿಯಂತೆ ಲೀಟರ್‌ಗೆ 1.77 ಎಂದು ಗುಣಿಸಿದರು. 1.77 ಎಂಬುದು ಪೌಂಡಿನ ಲೆಕ್ಕ. ಕಾಗದದ ಮೇಲೆ ಟ್ಯಾಂಕಿನಲ್ಲಿ ಆಗಲೇ ಹದಿಮೂರೂವರೆ ಸಾವಿರ ‘ಕೆಜಿ’ ಇದೆ ಎಂದಾಯಿತು. ತುಂಬಬೇಕಿದ್ದದ್ದು 20,088 ಲೀಟರ್, ತುಂಬಿದ್ದು 4,917. 41,000 ಅಡಿ ಎತ್ತರದಲ್ಲಿ ಹಾರುತ್ತಿದ್ದಾಗ ಇಂಧನ ಮುಗಿಯುತ್ತ ಬಂತು, ಒಂದರ ಹಿಂದೊಂದು ಎರಡೂ ಎಂಜಿನ್ ನಿಂತವು. ಗ್ಲೈಡರ್ ಹಾರಿಸಿ ಅಭ್ಯಾಸವಿದ್ದ ಕ್ಯಾಪ್ಟನ್, ಗಿಮ್ಲಿ ಎಂಬಲ್ಲಿನ ಹಳೆಯ ವಾಯುಪಡೆ ನೆಲೆಯಲ್ಲಿ ಆ ದೊಡ್ಡ ವಿಮಾನವನ್ನು ಎಂಜಿನ್ನಿಲ್ಲದೆ ಇಳಿಸಿದರು. 69 ಜನ ಇದ್ದರು, ಎಲ್ಲರೂ ಬದುಕಿದರು.

ಗುಣಾಕಾರದ ತಪ್ಪನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಅದಕ್ಕೂ ಹಿಂದಿನ ತಪ್ಪು. ಇಂಧನ ಮಾಪಕ ಆ ಸ್ಥಿತಿಯಲ್ಲಿದ್ದಾಗ ವಿಮಾನ ಹೊರಡುವಂತೆಯೇ ಇರಲಿಲ್ಲ ಎಂದು ಪುಸ್ತಕ ಹೇಳುತ್ತಿತ್ತು. ಹೊರಡಬಹುದು ಎಂದು ತಪ್ಪಾಗಿ ತಿಳಿದರು.

ಆ ಪುಸ್ತಕದ ಹೆಸರು ಎಂಇಎಲ್. ನಿಮ್ಮ ಮಗಳ ವಿಮಾನದ ‘ಕಾಗದಪತ್ರ’ವೂ ಬಹುಶಃ ಇದೇ. ವಿಮಾನದಲ್ಲಿ ಯಾವ ಯಾವ ಉಪಕರಣ ಕೆಟ್ಟಿದ್ದರೂ ಹೊರಡಬಹುದು, ಎಷ್ಟು ದಿನದೊಳಗೆ ರಿಪೇರಿಯಾಗಬೇಕು, ಅಲ್ಲಿಯವರೆಗೆ ಏನು ಷರತ್ತು ಎಂಬುದರ ಪಟ್ಟಿ ಅದು. ಕೆಲವಕ್ಕೆ 3 ದಿನ, ಕೆಲವಕ್ಕೆ 10, ಇನ್ನು ಕೆಲವಕ್ಕೆ 120. ಉದಾಹರಣೆಗೆ ವಿಮಾನದ ಬಾಲದಲ್ಲಿ ಎಪಿಯು ಎಂಬ, ಬೇಕಾದಾಗ ವಿದ್ಯುತ್ ಒದಗಿಸುವ ಸಣ್ಣ ಎಂಜಿನ್ ಇರುತ್ತದೆ. ದೆಹಲಿಯಿಂದ ಬೆಂಗಳೂರಿಗೆ ಬರುವ ವಿಮಾನದಲ್ಲಿ ಅದು ಕೆಟ್ಟಿದ್ದರೆ ಸಾಮಾನ್ಯವಾಗಿ ಹಾರಾಟಕ್ಕೆ ಅಡ್ಡಿಯಿಲ್ಲ. ಸಾಗರ ದಾಟುವ ವಿಮಾನದಲ್ಲಿ ಕೆಟ್ಟಿದ್ದರೆ ಷರತ್ತು ಬಿಗಿಯಾಗುತ್ತದೆ. ಪ್ರಯಾಣಿಕರು ಹತ್ತಿದ ಮೇಲೆ ಅಂಥದ್ದೇನಾದರೂ ಕಂಡುಬಂದರೆ ದಾರಿ ಬದಲಾಗಬೇಕು, ದಾರಿ ಬದಲಾದರೆ ಇಂಧನ, ಇಂಧನ ಬದಲಾದರೆ ತೂಕ, ತೂಕ ಬದಲಾದರೆ ಲೋಡ್ ಶೀಟ್ ಮತ್ತು ನೆಲ ಬಿಡುವ ವೇಗ. ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಿ, ಕ್ಯಾಪ್ಟನ್ ಓದಿ, ಸಹಿ ಮಾಡಬೇಕು. ಅದಕ್ಕೆ ನಲವತ್ತು ನಿಮಿಷ ಜಾಸ್ತಿಯೇನಲ್ಲ. ಒಳಗೆ ಕುಳಿತವರಿಗೆ ಇದನ್ನು ನಾಲ್ಕು ಮಾತಿನಲ್ಲಿ ಬಿಡಿಸಿ ಹೇಳಬೇಕಿತ್ತು ಎಂಬ ನಿಮ್ಮ ಬೇಸರವನ್ನು ಮಾತ್ರ ನಾನೂ ಒಪ್ಪುತ್ತೇನೆ.

ಎಂಇಎಲ್ ಇಡೀ ಆಪರೇಷನ್ಸ್ ಮ್ಯಾನುಯಲ್‌ನ ಒಂದು ಅಂಗ. ಮ್ಯಾನುಯಲ್ ಸಾಮಾನ್ಯವಾಗಿ ನಾಲ್ಕು ಭಾಗಗಳಲ್ಲಿ ಇರುತ್ತದೆ. ಎ ಭಾಗದಲ್ಲಿ ಸಂಸ್ಥೆಯ ಸಾಮಾನ್ಯ ನಿಯಮಗಳು, ಬಿಯಲ್ಲಿ ಆಯಾ ಮಾದರಿಯ ವಿಮಾನದ ವಿವರ, ಸಿಯಲ್ಲಿ ಮಾರ್ಗಗಳು ಮತ್ತು ನಿಲ್ದಾಣಗಳು, ಡಿಯಲ್ಲಿ ತರಬೇತಿ. ನಮ್ಮಲ್ಲಿ ವಿಮಾನಯಾನದ ಸರ್ಕಾರಿ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ಇದನ್ನು ಪರಿಶೀಲಿಸುತ್ತದೆ. ನಾನು ಕೆಲಸಕ್ಕೆ ಸೇರಿದಾಗ ಪೈಲಟ್‌ಗಳು ಇವನ್ನೂ ನಕ್ಷೆಗಳನ್ನೂ ಭಾರವಾದ ಕಪ್ಪು ಚೀಲದಲ್ಲಿ ಹೊತ್ತು ತರುತ್ತಿದ್ದರು. ಈಗ ಎಲ್ಲವೂ ಟ್ಯಾಬ್ಲೆಟ್‌ನಲ್ಲಿದೆ.

ಇನ್ನು ದಾರಿ. ನನ್ನ ಮನೆಯ ಮಾಳಿಗೆಯಿಂದ ಜೋಗಿಮಟ್ಟಿಯ ಕಡೆಯ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಕಾಣುತ್ತವೆ. ಆಷಾಢದಲ್ಲಿ ಅವು ತಿರುಗುವ ರಭಸ ನೀವೂ ಹೆದ್ದಾರಿಯಲ್ಲಿ ಹೋಗುವಾಗ ನೋಡಿರುತ್ತೀರಿ. ಮೂವತ್ತೈದು ಸಾವಿರ ಅಡಿ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ನದಿಯಂತೆ ಹರಿಯುವ ಜೆಟ್ ಸ್ಟ್ರೀಮ್ ಎಂಬ ಗಾಳಿ ಇದೆ. ಚಳಿಗಾಲದಲ್ಲಿ, ಅದರಲ್ಲೂ ಜಪಾನಿನ ಮೇಲೆ, ಗಂಟೆಗೆ 300 ಕಿ.ಮೀ. ದಾಟುವುದೂ ಉಂಟು. ಬೆನ್ನಿಗೆ ಸಿಕ್ಕರೆ ಭಾಗ್ಯ, ಎದುರಿಗೆ ಬಂದರೆ ಇಂಧನ ಬರಿದು. ಲಂಡನ್ ಮತ್ತು ವಾಷಿಂಗ್ಟನ್ ಹೆಸರಿನ ಎರಡು ಹವಾಮಾನ ಕೇಂದ್ರಗಳು ಇಡೀ ಭೂಮಿಯ ಮೇಲ್ಗಾಳಿಯ ಮುನ್ಸೂಚನೆಯನ್ನು ದಿನಕ್ಕೆ ನಾಲ್ಕು ಸಲ ಕೊಡುತ್ತವೆ. ಅದನ್ನು ಕಂಪ್ಯೂಟರ್‌ಗೆ ಊಡಿಸಿ ಹತ್ತಾರು ದಾರಿಗಳನ್ನು ತೂಗಿ ನೋಡುತ್ತೇವೆ. ಗಾಳಿ ಬಂದಾಗ ತೂರಿಕೋ ಎಂಬ ಕಣದ ಮಾತು ನಮ್ಮ ಕಚೇರಿಗೆ ಅಕ್ಷರಶಃ ಹೊಂದುತ್ತದೆ.

ಇದಕ್ಕೆ ಒಳ್ಳೆಯ ನಿದರ್ಶನ ನಮ್ಮ ದೇಶದ್ದೇ. ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಮೊದಲು ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು, ಸುಮಾರು 13,900 ಕಿ.ಮೀ. 2016ರ ಅಕ್ಟೋಬರ್‌ನಲ್ಲಿ ಅದನ್ನು ಪೂರ್ವಕ್ಕೆ ತಿರುಗಿಸಿ ಪೆಸಿಫಿಕ್ ಮೇಲೆ ಕಳಿಸಿದರು, ಸುಮಾರು 15,300 ಕಿ.ಮೀ. ಸಾವಿರದ ನಾನೂರು ಕಿ.ಮೀ. ಸುತ್ತು, ಆದರೂ ಹದಿನಾಲ್ಕೂವರೆ ಗಂಟೆಯಲ್ಲಿ ಮುಟ್ಟಿತು, ಮೊದಲಿಗಿಂತ ಸುಮಾರು ಎರಡು ಗಂಟೆ ಮುಂಚೆ. ಬರುವಾಗ ಅದೇ ಗಾಳಿ ಎದುರಾಗುತ್ತದೆ, ಹಾಗಾಗಿ ಉತ್ತರಕ್ಕೆ ಸರಿದು ಅದನ್ನು ತಪ್ಪಿಸಿಕೊಂಡು ಬರುವುದು. ನಿಮ್ಮ ಮೊಬೈಲ್‌ನಲ್ಲಿ ಕಂಡದ್ದು ಇದೇ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಬೆಂಗಳೂರಿಗೆ ನೇರ ಹಾರಿ ಬಂದಿದ್ದು ನಿಮಗೆ ನೆನಪಿರಬಹುದು.

ಗಾಳಿಯಷ್ಟೇ ಅಲ್ಲ, ಮುಚ್ಚಿದ ಬಾಗಿಲುಗಳೂ ಇವೆ. 2019ರಲ್ಲಿ ಕೆಲವು ತಿಂಗಳು, ಮತ್ತೆ 2025ರ ಏಪ್ರಿಲ್ 24ರಿಂದ, ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. 2022ರಿಂದ ಅಮೆರಿಕ ಮತ್ತು ಯುರೋಪಿನ ವಿಮಾನಗಳಿಗೆ ರಷ್ಯದ ಆಕಾಶ ಇಲ್ಲ. ಒಂದು ಘಾಟಿ ರಸ್ತೆ ಬಂದ್ ಆದರೆ ನಿಮ್ಮ ಲಾರಿಗಳ ಬಾಡಿಗೆ, ಡೀಸೆಲ್, ಚಾಲಕರ ಬತ್ತೆ ಎಲ್ಲವೂ ಏರುಪೇರಾಗುವಂತೆ ಇಲ್ಲಿಯೂ ಆಗುತ್ತದೆ.

ಸಮುದ್ರದ ನಡುವೆ ಎಂಜಿನ್ ಕೆಟ್ಟರೆ ಎಂಬ ನಿಮ್ಮ ಆತಂಕಕ್ಕೆ ಬರೋಣ. ಎರಡು ಎಂಜಿನ್ನಿನ ವಿಮಾನ, ಒಂದೇ ಎಂಜಿನ್ನಿನಲ್ಲಿ ಇಷ್ಟು ನಿಮಿಷದೊಳಗೆ ಒಂದು ನಿಲ್ದಾಣ ಮುಟ್ಟುವಂತಿರಬೇಕು ಎಂಬ ನಿಯಮಕ್ಕೆ ಇಟಾಪ್ಸ್ ಎನ್ನುತ್ತಾರೆ. ಬಹುಕಾಲ ಆ ಮಿತಿ 60 ನಿಮಿಷ ಇತ್ತು. 1985ರಲ್ಲಿ 120ಕ್ಕೆ ಏರಿತು, ಈಗ 777 ಮಾದರಿಗೆ 180 ನಿಮಿಷವೂ ಅದಕ್ಕಿಂತ ಹೆಚ್ಚೂ ಸಿಗುತ್ತದೆ. ಎಂಜಿನ್‌ಗಳ ನಂಬಿಕೆ ಬೆಳೆದಂತೆ ಹಂತಹಂತವಾಗಿ ಕೊಟ್ಟದ್ದು ಅದು, ಒಂದೇ ಏಟಿಗೆ ಅಲ್ಲ. ದಾರಿಯುದ್ದಕ್ಕೂ ಇಂಥ ನಿಲ್ದಾಣಗಳನ್ನು ಹೆಸರಿಸಿ, ವಿಮಾನ ಅಲ್ಲಿಗೆ ಬರಬಹುದಾದ ಹೊತ್ತಿನಲ್ಲಿ ಅಲ್ಲಿನ ಹವಾಮಾನ, ರನ್‌ವೇ, ಅಗ್ನಿಶಾಮಕ ವ್ಯವಸ್ಥೆ ಸರಿಯಿದೆಯೇ ಎಂದು ನೋಡಿಯೇ ಹೊರಡುವುದು.

ಆದರೆ ನಮ್ಮ ನಿದ್ದೆ ಕೆಡಿಸುತ್ತಿದ್ದದ್ದು ಎಂಜಿನ್ ಒಂದೇ ಅಲ್ಲ. ಸಾಗರದ ನಟ್ಟನಡುವೆ ಕ್ಯಾಬಿನ್ನಿನ ಗಾಳಿಯ ಒತ್ತಡ ಹೋದರೆ ಉಸಿರಾಡುವ ಗಾಳಿಗಾಗಿ 10,000 ಅಡಿಗೆ ಇಳಿಯಬೇಕು. ಅಷ್ಟು ಕೆಳಗೆ ಗಾಳಿ ದಟ್ಟ, ಜೆಟ್ ಎಂಜಿನ್ ಇಂಧನವನ್ನು ನೀರಿನಂತೆ ಕುಡಿಯುತ್ತದೆ. ಅತ್ಯಂತ ಕೆಟ್ಟ ಬಿಂದುವಿನಲ್ಲಿ ಇದು ನಡೆದರೂ ನಿಲ್ದಾಣ ಮುಟ್ಟುವಷ್ಟು ಇಂಧನ ಇದೆಯೇ ಎಂಬುದನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿ, ಸಾಲದಿದ್ದರೆ ಸೇರಿಸುತ್ತೇವೆ.

ಕೆಟ್ಟು ನಿಂತದ್ದೂ ಉಂಟು. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಏರ್ ಇಂಡಿಯಾ ವಿಮಾನದ ಎಂಜಿನ್ನಿನಲ್ಲಿ ದೋಷ ಕಂಡು, ರಷ್ಯದ ದೂರಪೂರ್ವದ ಮಗದಾನ್‌ನಲ್ಲಿ ಇಳಿಯಿತು. 216 ಪ್ರಯಾಣಿಕರು, 16 ಸಿಬ್ಬಂದಿ, ಎಲ್ಲರೂ ಕ್ಷೇಮ. ಬದಲಿ ವಿಮಾನ ಬರುವವರೆಗೆ ಸಿಕ್ಕ ಜಾಗದಲ್ಲಿ ಉಳಿದರು. ರನ್‌ವೇ ಇದ್ದರೆ ಸಾಲದು, ಇನ್ನೂರಕ್ಕೂ ಹೆಚ್ಚು ಜನರಿಗೆ ಸೂರು, ಊಟ, ಬೆಚ್ಚಗಿನ ಹೊದಿಕೆ ಬೇಕು. ಧ್ರುವದ ಮೇಲೆ ಹಾರುವ ಸಂಸ್ಥೆ ಇದಕ್ಕೂ ಮೊದಲೇ ಯೋಜನೆ ಮಾಡಿಟ್ಟಿರಬೇಕು ಎಂದು ಅಮೆರಿಕ 2007ರಲ್ಲೇ ನಿಯಮ ಮಾಡಿತು. ಅಲ್ಲಿ ಇನ್ನೊಂದು ಚಿಂತೆ ಚಳಿ. ನಮ್ಮ ದೇಶದಲ್ಲಿ ತುಂಬುವ ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ. ಅಮೆರಿಕದಲ್ಲಿ ಸಿಗುವ ಜೆಟ್ ಎ ಇಂಧನಕ್ಕೆ ಆ ಮಿತಿ ಮೈನಸ್ 40 ಮಾತ್ರ. ಹೀಗಾಗಿ ಹೋಗುವ ದಾರಿಗಿಂತ ಬರುವ ದಾರಿಯಲ್ಲಿ ಟ್ಯಾಂಕಿನ ಉಷ್ಣಾಂಶದ ಮೇಲೆ ಹೆಚ್ಚು ಕಣ್ಣಿಡುತ್ತೇವೆ. ತೀರಾ ತಣ್ಣಗಾದರೆ ಸ್ವಲ್ಪ ಕೆಳಗಿಳಿಯುವುದೋ ವೇಗ ಹೆಚ್ಚಿಸುವುದೋ ಮಾಡುತ್ತಾರೆ.

ಇಷ್ಟೆಲ್ಲ ಲೆಕ್ಕವನ್ನು ಕಂಪ್ಯೂಟರ್ ಮಾಡುವಾಗ ಮನುಷ್ಯ ಏಕೆ ಎಂದು ನೀವು ಕೇಳಬಹುದು. ನನ್ನ ಮೊದಲ ವರ್ಷದ ಒಂದು ರಾತ್ರಿಯನ್ನು ಹೇಳುತ್ತೇನೆ. ನಿಲ್ದಾಣಗಳ ಬದಲಾವಣೆಗಳನ್ನು ತಿಳಿಸುವ ನೋಟಾಮ್ ಎಂಬ ಪ್ರಕಟಣೆಗಳು ದೂರದ ಹಾರಾಟಕ್ಕೆ ಹತ್ತಾರು ಪುಟ ಬರುತ್ತವೆ. ಎಲ್ಲವೂ ದೊಡ್ಡಕ್ಷರದ, ಕತ್ತರಿಸಿದ ಇಂಗ್ಲಿಷ್. ನಾನು ಆರಿಸಿದ್ದ ಆಲ್ಟರ್ನೇಟ್ ನಿಲ್ದಾಣದ ರನ್‌ವೇ ಆ ರಾತ್ರಿ 2030ರಿಂದ 0030ರವರೆಗೆ ದುರಸ್ತಿಗೆ ಮುಚ್ಚಿರುತ್ತದೆ ಎಂದಿತ್ತು. ನಮ್ಮ ವಿಮಾನ ಅಲ್ಲಿಗೆ ಹೋಗಬೇಕಾಗಿ ಬಂದರೂ ಅದು ನಸುಕಿನ ಎರಡೂವರೆಗೆ. ರಾತ್ರಿ ಹನ್ನೆರಡೂವರೆಗೇ ತೆರೆದಿರುತ್ತದಲ್ಲ ಎಂದು ಮುಂದಕ್ಕೆ ಹೋದೆ. ಕ್ಯಾಪ್ಟನ್ ಬಂದರು, ನಿಂತುಕೊಂಡೇ ಪುಟ ತಿರುವಿದರು, ಆ ಸಾಲಿನ ಕೆಳಗೆ ಪೆನ್ಸಿಲ್‌ನಿಂದ ಗೆರೆ ಎಳೆದು ಹಾಳೆಯನ್ನು ನನ್ನ ಕಡೆ ತಳ್ಳಿದರು. ನೋಟಾಮ್‌ನಲ್ಲಿ ಇರುವುದು ಗ್ರೀನಿಚ್ ಸಮಯ. ಐದೂವರೆ ಗಂಟೆ ಸೇರಿಸಿದರೆ ಮುಚ್ಚುವುದು ನಸುಕಿನ ಎರಡಕ್ಕೆ, ತೆರೆಯುವುದು ಬೆಳಿಗ್ಗೆ ಆರಕ್ಕೆ. ನಾನು ಕಳಿಸುತ್ತಿದ್ದದ್ದು ಮುಚ್ಚಿದ ರನ್‌ವೇಗೆ. ದೂರದ ಇನ್ನೊಂದು ನಿಲ್ದಾಣ ಆರಿಸಿದೆವು, ಇಂಧನ 1,800 ಕೆಜಿ ಹೆಚ್ಚಾಯಿತು, ವಿಮಾನ ಇಪ್ಪತ್ತು ನಿಮಿಷ ತಡವಾಗಿ ಹೊರಟಿತು. ಅವರು ಬೈಯಲಿಲ್ಲ. ಅಂದಿನಿಂದ ಕೊನೆಯ ದಿನದವರೆಗೂ ಪ್ರತಿ ನೋಟಾಮ್‌ನ ಪಕ್ಕ ಎರಡೂ ಸಮಯಗಳನ್ನು ಕೆಂಪು ಶಾಯಿಯಲ್ಲಿ ಬರೆದೇ ಮುಂದೆ ಹೋಗುತ್ತಿದ್ದೆ. ಕ್ಯಾಪ್ಟನ್ ಎರಡು ಟನ್ ಹೆಚ್ಚು ಕೇಳಿದರೆ ಒಂದು ಸಲ ಕಾರಣ ಕೇಳುತ್ತಿದ್ದೆ, ಎರಡನೆಯ ಸಲ ಕೇಳುತ್ತಿರಲಿಲ್ಲ.

ಡಿಸೆಂಬರ್ ಪ್ರಯಾಣದ ಬಗ್ಗೆ ಎರಡು ಮಾತು. ಆ ಕಾಲದಲ್ಲಿ ಎದುರುಗಾಳಿ ಬಲವಾಗಿರುವುದರಿಂದ ಬರುವ ಹಾರಾಟ ಹೋಗುವುದಕ್ಕಿಂತ ಉದ್ದ. ಅದಕ್ಕಿಂತ ಮುಖ್ಯ ದೆಹಲಿಯ ಮಂಜು. ಅದು ದೆಹಲಿಯೊಂದಕ್ಕೇ ಬೀಳುವುದಿಲ್ಲ, ಪಂಜಾಬಿನಿಂದ ಉತ್ತರ ಪ್ರದೇಶದವರೆಗೆ ಒಂದೇ ರಾತ್ರಿ ಹಾಸಿಕೊಳ್ಳುತ್ತದೆ. ಹತ್ತಿರದ ಅಮೃತಸರವನ್ನಾಗಲಿ ಲಖನೌವನ್ನಾಗಲಿ ಆಲ್ಟರ್ನೇಟ್ ಎಂದು ನೆಚ್ಚುವಂತಿಲ್ಲ, ಅವೂ ಒಟ್ಟಿಗೇ ಮುಚ್ಚಿಹೋಗಬಹುದು. ಅಹಮದಾಬಾದನ್ನೋ ಮುಂಬೈಯನ್ನೋ ಇಟ್ಟುಕೊಂಡು ಅಷ್ಟು ಇಂಧನ ಹೊತ್ತು ಬರಬೇಕು. ದಟ್ಟ ಮಂಜಿನಲ್ಲಿ ಇಳಿಯಲು ರನ್‌ವೇ, ವಿಮಾನ, ಪೈಲಟ್ ಮೂರಕ್ಕೂ ಅರ್ಹತೆ ಇರಬೇಕು. ಇದ್ದರೂ ಮಂಜಿನಲ್ಲಿ ವಿಮಾನಗಳ ನಡುವಿನ ಅಂತರ ಹೆಚ್ಚಿಸುವುದರಿಂದ ಸಾಲು ಬೆಳೆಯುತ್ತದೆ. ಆದ್ದರಿಂದ ಮಗಳಿಗೆ ದೆಹಲಿಯಿಂದ ಬೆಂಗಳೂರಿಗೆ ಬೆಳಗಿನ ವಿಮಾನ ಬೇಡ, ಮಧ್ಯಾಹ್ನದ ನಂತರದ್ದನ್ನು ನೋಡಿ. ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿ ಇರಲಿ, ಮೊದಲನೆಯದು ತಡವಾದರೆ ಮುಂದಿನದಕ್ಕೆ ಕೂರಿಸುವ ಹೊಣೆ ಆಗ ಸಂಸ್ಥೆಯದ್ದಾಗುತ್ತದೆ. ಬೆಂಗಳೂರಿನಿಂದ ದಾವಣಗೆರೆಗೆ ಅದೇ ರಾತ್ರಿಯ ರೈಲಿಗೆ ಸೀಟು ಕಾಯ್ದಿರಿಸಬೇಡಿ, ಮರುದಿನದ್ದಕ್ಕೆ ಮಾಡಿಸಿ. ಔಷಧಿ, ಒಂದು ಜೊತೆ ಬಟ್ಟೆ, ಕಾಲೇಜಿನ ಕಾಗದಗಳನ್ನು ಸೂಟ್‌ಕೇಸಿಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳುವಂತೆ ಹೇಳಿ.